ಇತಿಹಾಸ ಓದಬೇಕು, ಯಾವ ಪುಸ್ತಕ ಹಿಡಿಯಲಿ?

ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರಿಂದ ಹಿಡಿದು ಔಷಧ ಅಂಗಡಿಯವರವರೆಗೆ ಎಲ್ಲರೂ ನನ್ನನ್ನು ಕೇಳುವುದು ಒಂದೇ. "ಸರ್, ಇತಿಹಾಸ ಓದಬೇಕೆಂಬ ಆಸೆ. ಪರೀಕ್ಷೆಗಲ್ಲ, ಸುಮ್ಮನೆ. ಎಲ್ಲಿಂದ ಶುರು ಮಾಡಲಿ?" ಹೀಗೆ ಕೇಳುವವರಲ್ಲಿ ಬಹಳ ಜನ ಆಗಲೇ ಸಿಂಧೂ ಕಣಿವೆಯಿಂದ ಸ್ವಾತಂತ್ರ್ಯದವರೆಗಿನ ಒಂದು ದಪ್ಪ ಸಂಪುಟ ಕೊಂಡು, ಮೌರ್ಯರು ಬರುವ ಮೊದಲೇ ಕೈಬಿಟ್ಟವರು.

ಕಲಬುರಗಿಯವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಕಲಬುರಗಿ, ಬೀದರ್‌ಗಳ ಬಗ್ಗೆ ಓದಿ. ಇದು ಊರಿನ ಅಭಿಮಾನದ ಮಾತಲ್ಲ. ಪಾಣಿಪತ್ತಿನ ಬಗ್ಗೆ ಲೇಖಕ ಏನು ಬರೆದರೂ ನಾವು ತಲೆಯಾಡಿಸಬೇಕು. ನಮ್ಮ ಕೋಟೆಯ ಬಗ್ಗೆ ಬರೆದರೆ ಭಾನುವಾರ ಬೆಳಿಗ್ಗೆ ಹೋಗಿ ತಾಳೆ ನೋಡಬಹುದು.

ಕೋಟೆಯೊಳಗಿನ ಜಾಮಿ ಮಸೀದಿಯನ್ನೇ ತೆಗೆದುಕೊಳ್ಳಿ. 1367ರ ಶಾಸನವಿರುವ ಕಟ್ಟಡ. ಅದು ಸ್ಪೇನಿನ ಕಾರ್ಡೋಬಾ ಮಸೀದಿಯ ಮಾದರಿಯಲ್ಲಿದೆ ಎಂಬ ಸಾಲನ್ನು ಒಬ್ಬರಿಂದ ಒಬ್ಬರು ಎತ್ತಿಕೊಳ್ಳುತ್ತಲೇ ಬಂದಿದ್ದಾರೆ. ಮೊಬೈಲಿನಲ್ಲಿ ಕಾರ್ಡೋಬಾದ ಚಿತ್ರ ತೆರೆದು ಇಲ್ಲಿ ನಿಂತು ನೋಡಿ. ಅಲ್ಲಿ ತೆಳ್ಳಗಿನ ಕಂಬಗಳು, ಅವುಗಳ ಮೇಲೆ ಕೆಂಪು-ಬಿಳಿ ಪಟ್ಟೆಯ ಎರಡು ಸಾಲು ಕಮಾನು, ಪಕ್ಕದಲ್ಲಿ ಕಿತ್ತಳೆ ಗಿಡಗಳ ಬಯಲು ಅಂಗಳ. ಇಲ್ಲಿ ಅಂಗಳವೇ ಇಲ್ಲ. ಬೇರೆ ಮಸೀದಿಗಳಲ್ಲಿ ಬಯಲಾಗಿ ಬಿಡುವ ಜಾಗವನ್ನೂ ಸಾಲು ಗುಮ್ಮಟಗಳಿಂದ ಮುಚ್ಚಿಬಿಟ್ಟಿದ್ದಾರೆ. ಬದಿಯ ಸಾಲಿನ ಅಗಲ ಕಮಾನುಗಳು ತೀರಾ ತಗ್ಗಿನಿಂದಲೇ ಏಳುತ್ತವೆ. ಹೋಲಿಕೆ ಎಲ್ಲಿದೆ ಎಂದು ಆಮೇಲೆ ನೀವೇ ಹೇಳಿ. ಅಂಥ ಸಾಲನ್ನು ನೋಡದೆ ನಕಲು ಮಾಡಿದ ಲೇಖಕ ಬೇರೆ ಇನ್ನೇನನ್ನು ನಕಲು ಮಾಡಿರಬಹುದು?

ಪುಸ್ತಕದ ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಕಲಬುರಗಿ, ಬೀದರ್‌ಗಳಿಂದ ಆಳಿದ ಬಹಮನಿ ಸುಲ್ತಾನರ ಬಗ್ಗೆ ಯಾವ ಪುಸ್ತಕ ಸಿಕ್ಕರೂ, ಹಸನ್ ಆ ರಾಜ್ಯ ಕಟ್ಟಿದ 1347ರ ಪುಟ ತೆರೆಯಿರಿ. ಈ ಹಸನ್ ಮೊದಲು ಬಡವ, ದಿಲ್ಲಿಯಲ್ಲಿ ಗಂಗು ಎಂಬ ಬ್ರಾಹ್ಮಣ ಜ್ಯೋತಿಷಿಯ ಆಳಾಗಿದ್ದನಂತೆ. ಹೊಲ ಉಳುವಾಗ ಸಿಕ್ಕ ಚಿನ್ನದ ನಾಣ್ಯಗಳನ್ನು ಒಡೆಯನಿಗೇ ತಂದುಕೊಟ್ಟನಂತೆ. ಮೆಚ್ಚಿದ ಜ್ಯೋತಿಷಿ, ನೀನು ಅರಸನಾಗುತ್ತೀಯೆ, ಆಗ ನನ್ನ ಹೆಸರು ಸೇರಿಸಿಕೋ ಎಂದನಂತೆ. ಕಥೆ ಚೆನ್ನಾಗಿದೆ, ನನಗೂ ಇಷ್ಟ. ಆದರೆ ಇದನ್ನು ಬರೆದ ಫಿರಿಶ್ತಾ ಹದಿನೇಳನೆಯ ಶತಮಾನದ ಆರಂಭದಲ್ಲಿ, ಬಿಜಾಪುರದ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿದ್ದವನು. ನಡುವೆ ಎರಡೂವರೆ ಶತಮಾನ ಕಳೆದಿತ್ತು. ಹಸನನ ಕಾಲದಲ್ಲೇ ಬರೆದ ಕವಿ ಇಸಾಮಿಯ ಕೃತಿಯಲ್ಲಿ ಗಂಗುವಿನ ಸುಳಿವಿಲ್ಲ. ಅಲ್ಲಿ ಸುಲ್ತಾನ ಪರ್ಷಿಯಾದ ಪ್ರಾಚೀನ ಅರಸ ಬಹಮನನ ವಂಶದವನು. ನಾಣ್ಯಗಳ ಮೇಲಿನ ಹೆಸರೂ ಬಹಮನ್ ಶಾಹ್. (ಆ ವಂಶಾವಳಿಯನ್ನೂ ಕಣ್ಣು ಮುಚ್ಚಿ ನಂಬಬೇಕಾಗಿಲ್ಲ. ಸಿಂಹಾಸನ ಏರಿದ ಮೇಲೆ ಅಜ್ಜಂದಿರು ಸಿಗುವುದು ಕಷ್ಟವಲ್ಲ.) ಪುಸ್ತಕ ಈ ಕಥೆಯನ್ನು ಹೇಳಿ, ಹೇಳಿದವನು ಯಾರು, ಯಾವಾಗ ಹೇಳಿದ ಎಂದು ಒಂದೇ ಒಂದು ಸಾಲು ಸೇರಿಸಿದ್ದರೂ ಸಾಕು, ಕೊಳ್ಳಿ. ನಡೆದದ್ದೇ ಹೀಗೆ ಎಂದು ಬರೆದಿದ್ದರೆ ಕಪಾಟಿಗೆ ಮರಳಿಸಿ. ಅಡಿಟಿಪ್ಪಣಿ ಕಂಡರೆ ಓದುಗ ಹೆದರಿ ಓಡುತ್ತಾನೆಂದು ಪ್ರಕಾಶಕರಿಗೆ ಯಾರು ಹೇಳಿದರೋ ತಿಳಿಯದು.

ಹಾಗೆಂದು ಫಿರಿಶ್ತಾನನ್ನು ದೂರವಿಡಬೇಡಿ. 1481ರಲ್ಲಿ ಬಹಮನಿಗಳ ಮಂತ್ರಿ ಮಹಮೂದ್ ಗವಾನನ ತಲೆ ಹೋದ ಪ್ರಸಂಗ, ಮುದ್ರೆ ಕಾಯುವವನನ್ನು ಒಲಿಸಿಕೊಂಡು ಒರಿಸ್ಸಾದ ಅರಸನ ಹೆಸರಿಗೆ ಸುಳ್ಳು ಪತ್ರ ಸೃಷ್ಟಿಸಿದ್ದು, ಇವುಗಳ ರೋಚಕ ವಿವರಕ್ಕೆ ಅವನ ಹತ್ತಿರವೇ ಹೋಗಬೇಕು. ಅವನ ಮಾತು ಯಾವಾಗ ಕಿವಿಗೆ ಹಿತ, ಯಾವಾಗ ಸಾಕ್ಷ್ಯ ಎಂದು ಬಿಡಿಸಿ ತೋರಿಸುವ ಪುಸ್ತಕ ಬೇಕು. ರಿಚರ್ಡ್ ಈಟನ್ ಇಂಗ್ಲಿಷಿನಲ್ಲಿ ದಖನ್ನಿನ ಸಾಮಾಜಿಕ ಇತಿಹಾಸವನ್ನು ಎಂಟು ಜನರ ಬದುಕಿನ ಮೂಲಕ ಬರೆದಿದ್ದಾರೆ; ನಮ್ಮ ಸೂಫಿ ಸಂತ ಬಂದೇನವಾಜರೂ ಗವಾನನೂ ಅದರಲ್ಲಿದ್ದಾರೆ. ಇಂಗ್ಲಿಷ್ ಓದುವವರಿಗೆ ನಾನು ಮೊದಲು ಹೇಳುವುದು ಅದನ್ನೇ. ಬೀದರಿನ ಕಟ್ಟಡಗಳಿಗೆ ಗುಲಾಂ ಯಜ್ದಾನಿಯವರ 1947ರ ಗ್ರಂಥವಿದೆ. ನಕ್ಷೆ, ಛಾಯಾಚಿತ್ರಗಳಿವೆ, ಮಲಗಿಕೊಂಡು ಓದುವ ಪುಸ್ತಕವಲ್ಲ, ಕೋಟೆಗೆ ಹೋಗುವ ಹಿಂದಿನ ರಾತ್ರಿ ತಿರುವಿ ಹಾಕುವಂಥದ್ದು.

ಮಲಗಿಕೊಂಡು ಓದುವುದೇ ಬೇಕೆಂದರೆ ಅಫನಾಸಿ ನಿಕಿತಿನ್ ಇದ್ದಾನೆ. ರಷ್ಯಾದ ತ್ವೇರ್ ಊರಿನ ವ್ಯಾಪಾರಿ, 1470ರ ಆಸುಪಾಸಿನಲ್ಲಿ ಮಾರಲೆಂದು ಒಂದು ಕುದುರೆ ಹೊಡೆದುಕೊಂಡು ಬಂದವನು. ಜುನ್ನರಿನಲ್ಲಿ ಅಲ್ಲಿನ ಖಾನ ಅದನ್ನು ಕಿತ್ತುಕೊಂಡ. ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಇವನಿಗೆ ಸಾಕುಸಾಕಾಯಿತು. ಬೀದರಿನ ಅರಮನೆಗೆ ಏಳು ಬಾಗಿಲು, ಪ್ರತಿ ಬಾಗಿಲಲ್ಲೂ ಕಾವಲುಗಾರರ ಜೊತೆ ಲೆಕ್ಕಬರಹಗಾರರು, ಕೆಲವರು ಒಳಗೆ ಹೋದವರನ್ನೂ ಕೆಲವರು ಹೊರಗೆ ಬಂದವರನ್ನೂ ಬರೆದುಕೊಳ್ಳುತ್ತಾರೆ ಎನ್ನುತ್ತಾನೆ. ಅಮೀರರು ಬೆಳ್ಳಿಯ ಪಲ್ಲಕ್ಕಿಗಳಲ್ಲಿ ಮೆರೆಯುತ್ತಾರೆ, ಹಳ್ಳಿಯ ಜನ ಬಡತನದಲ್ಲಿದ್ದಾರೆ ಎಂದೂ ಬರೆದ. ಇದನ್ನು ಬರೆಯಲು ಆಸ್ಥಾನದ ಇತಿಹಾಸಕಾರನಿಗೆ ಕೈ ಬರುವುದಿಲ್ಲ, ಕುದುರೆ ವ್ಯಾಪಾರಿಗೆ ಬರುತ್ತದೆ. ಬೀದರಿನಲ್ಲಿ ಗವಾನ್ ಕಟ್ಟಿಸಿದ 1472ರ ಮದರಸಾದ ಮುಂದೆ ಹಸಿರು-ನೀಲಿ ಹೆಂಚಿನ ಚೂರುಗಳನ್ನು ನೋಡುತ್ತ ನಿಂತಾಗ ಆ ಮಾತು ನೆನಪಿನಲ್ಲಿರಲಿ.

"ಸುಲ್ತಾನರು ಬೇಡ, ಇನ್ನೂ ಹಳೆಯದು ಹೇಳಿ" ಎನ್ನುವವರಿಗೆ ಕಲಬುರಗಿ ಜಿಲ್ಲೆಯದೇ ಆದ ಸನ್ನತಿ. 1986ರಲ್ಲಿ ಅಲ್ಲಿನ ಚಂದ್ರಲಾಂಬೆಯ ದೇವಸ್ಥಾನದ ಆವರಣದ ಕಾಳಿ ಗುಡಿಯ ಛಾವಣಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಎಂಬುದು ಆಮೇಲೆ ಬೆಳಕಿಗೆ ಬಂತು. ಅದಕ್ಕೆ ಹಿಂದೆ ಅಚ್ಚಾದ ಪುಸ್ತಕಗಳಲ್ಲಿ ಇದನ್ನು ಹುಡುಕಬೇಡಿ. ಇತಿಹಾಸದ ಪುಸ್ತಕ ಕೊಳ್ಳುವಾಗ ಮುದ್ರಣದ ವರ್ಷ ನೋಡಿ ಎಂದು ನಾನು ಪೀಡಿಸುವುದು ಅದಕ್ಕೇ.

ಯಾದಗಿರಿಯ ಕಡೆಯವರು ಸಿಕ್ಕರೆ ಮೆಡೋಸ್ ಟೇಲರನ ಆತ್ಮಕಥೆ ಹಿಡಿಸುತ್ತೇನೆ. ಸುರಪುರದಲ್ಲಿ ಬ್ರಿಟಿಷರ ಪರವಾಗಿ ವರ್ಷಗಟ್ಟಲೆ ಆಡಳಿತ ನೋಡಿಕೊಂಡವನು. ಬಾಲಕ ರಾಜ ವೆಂಕಟಪ್ಪ ನಾಯಕ ಅವನ ಕಣ್ಣೆದುರೇ ಬೆಳೆದ. 1858ರಲ್ಲಿ ಅದೇ ರಾಜ ಬಂಡೆದ್ದು ಸೆರೆಯಾಗಿ, ಸೆರೆಮನೆಗೆ ಒಯ್ಯುವ ದಾರಿಯಲ್ಲಿ ಗುಂಡೇಟಿನಿಂದ ಸತ್ತ. ತಾನೇ ಹಾರಿಸಿಕೊಂಡ ಎಂದು ಟೇಲರ್ ಬರೆಯುತ್ತಾನೆ, ಮಗನನ್ನು ಕಳೆದುಕೊಂಡವನ ಧಾಟಿಯಲ್ಲಿ. ಓದುವಾಗ ಗಂಟಲು ಕಟ್ಟುತ್ತದೆ. ಓದಿ ಮುಗಿಸಿ ಸುರಪುರಕ್ಕೆ ಹೋಗಿ, ಗುಡ್ಡದ ಮೇಲಿನ ಟೇಲರನ ಬಂಗಲೆ, ಅಂದರೆ ಅವನ ಮಂಜಿಲ್ ನೋಡಿ, ಊರಿನ ಹಿರಿಯರನ್ನು ಮಾತಿಗೆಳೆಯಿರಿ. ಆ ಸಾವಿನ ಬಗ್ಗೆ ಟೇಲರನ ಮಾತನ್ನು ಒಪ್ಪದವರು ಸಿಗುತ್ತಾರೆ, ಚಹಾ ತರಿಸಿ ಕೂರಿಸಿಕೊಂಡು ಹೇಳುತ್ತಾರೆ.