ಬೀದರ್‌ನಲ್ಲಿ ಉಗುಳಲು ಕಲಿತದ್ದು

"ನುಂಗಬ್ಯಾಡ್ರಿ, ಉಗುಳ್ರಿ" ಎಂದು ಗೆಳೆಯನ ಭಾವಮೈದುನ ಸ್ಟೀಲಿನ ಚೊಂಬು ಮುಂದಿಟ್ಟ. ರುಚಿ ನೋಡುವವರು ಮತ್ತೇರದಿರಲಿ ಅಂತ ಹೀಗೆ ಉಗುಳುತ್ತಾರಂತೆ. ಒಳ್ಳೆ ವೈನನ್ನು ಚೊಂಬಿಗೆ ಉಗುಳೋದಾ? ನಮಗೆ ನಗು ತಡೆಯಲಿಲ್ಲ. ಬೀದರ್‌ನ ಮನೆ ಮಾಳಿಗೆ, ಮೇ ತಿಂಗಳ ಸಂಜೆ, ಐದು ಬಾಟಲಿ. ಕೆಳಗೆ ಗೆಳೆಯನ ತಾಯಿ ಇದ್ದರು. ಹಾಗಾಗಿ ನಗೋದೂ ಪಿಸುದನಿಯಲ್ಲೇ.

ವೈನ್ ಭಾವಮೈದುನನ ಮನೆಯದ್ದೇ. ವಿಜಯಪುರದ ಕಡೆ ಅವರದ್ದು ಒಣದ್ರಾಕ್ಷಿ ತೋಟ. 2007ರಲ್ಲಿ ಸರ್ಕಾರ ವೈನ್ ನೀತಿ ತಂದ ಮೇಲೆ ಅವರಪ್ಪ ಒಂದಿಷ್ಟು ಜಾಗದಲ್ಲಿ ವೈನ್ ದ್ರಾಕ್ಷಿ ನೆಟ್ಟರಂತೆ. ಈಗ ತೋಟ ಅಪ್ಪನದು, ವೈನ್ ಹುಳಿಸುವ ಟ್ಯಾಂಕು ಅಣ್ಣನದು, ಲೆಕ್ಕ ಅತ್ತಿಗೆಯದು. ಊರೂರು ತಿರುಗಿ ರುಚಿ ತೋರಿಸೋದು ಇವನ ಪಾಲು.

ಮೊದಲು ಶೆನಿನ್ ಬ್ಲಾಂಕ್ ಅನ್ನೋ ಬಿಳಿ ವೈನ್. ಮೂಗಿಗೆ ಹಿಡಿದರೆ ಪೇರಲ ಹಣ್ಣು, ಸುಳ್ಳಲ್ಲ. ಇನ್ನೊಂದು ಬಿಳಿ, ಸೋವಿನ್ಯೋ ಬ್ಲಾಂಕ್‌ನಲ್ಲಿ ಆಗ ತಾನೇ ಕೊಯ್ದ ಹುಲ್ಲಿನ ವಾಸನೆ. ನನಗೇನೂ ಹಿಡಿಸಲಿಲ್ಲ, ದನಕ್ಕೆ ಹಿಡಿಸಬಹುದು. ತಿಳಿಗುಲಾಬಿ ಬಣ್ಣದ ರೋಸೆ ನೋಡಲು ಚಂದ, ಬಾಯಿಗೆ ನೀರು ಜಾಸ್ತಿಯಾದ ಶರಬತ್ತು. ಆಮೇಲೆ ಶಿರಾಜ್ ಅನ್ನೋ ಕಪ್ಪು ದ್ರಾಕ್ಷಿಯ ಕೆಂಪು ವೈನ್ ಬಂತು. ಕರಿಮೆಣಸು! ಮಸಾಲೆ ಹಾಕಿದ್ದೀಯಾ ಅಂತ ಕೇಳೇ ಬಿಟ್ಟೆ. ಮೆಣಸಿಗೆ ಘಮ ಕೊಡುವ ರೊಟಂಡೋನ್ ಅನ್ನೋ ವಸ್ತು ಈ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆಯಂತೆ. ಬಣ್ಣವೂ ಸಿಪ್ಪೆಯದ್ದೇ. ರಸ ಮಾತ್ರ ಕಪ್ಪು ದ್ರಾಕ್ಷಿಯದ್ದೂ ಹೆಚ್ಚುಕಡಿಮೆ ಬಿಳಿಯೇ. ಕೊನೆಗೆ ನಾಲಿಗೆ ಹಿಡಿಯುವ ರುಚಿಗೆ ಅವನು ಇಂಗ್ಲಿಷಿನಲ್ಲಿ ಏನೋ ಹೇಳಿದ. ನೇರಳೆ ಹಣ್ಣು ತಿಂದು ಬೆಳೆದ ನಮಗೆ ಅದು ಒಗರು, ಅಷ್ಟೇ ಅಲ್ವಾ? ಖಡಕ್ ರೊಟ್ಟಿ, ಎಣ್ಣೆಗಾಯಿ ಜೊತೆ ಆ ಶಿರಾಜನ್ನು ನಾನು ಉಗುಳಲಿಲ್ಲ.

ಐದನೆಯದು ಕ್ಯಾಬರ್ನೆ ಸೋವಿನ್ಯೋ, ಅದೂ ಕೆಂಪು. ಅದನ್ನು ಕೊಂದವನು ನಾನೇ. ಬೀದರ್‌ಗೆ ಬರುವ ಮೊದಲು ಎರಡು ದಿನ ಕಲಬುರಗಿಯಲ್ಲಿದ್ದೆವು. ಬಿಸಿಲು ಬಿಟ್ಟರೆ ನನಗೆ ನೆನಪಿರೋದು ಕೋಟೆಯೊಳಗಿನ 1367ರ ಜಾಮಿ ಮಸೀದಿ ಮಾತ್ರ. ಬೇರೆ ಕಡೆ ಬಯಲು ಬಿಡುವ ಅಂಗಳಕ್ಕೂ ಅಲ್ಲಿ ಚಾವಣಿ ಇದೆ. ಆ ನೆರಳು ಬಿಟ್ಟು ಏಳಲು ಮನಸ್ಸಾಗದೆ ಮಧ್ಯಾಹ್ನವೆಲ್ಲ ಕೂತಿದ್ದೆವು. ಆ ಬಾಟಲಿ ಹೊರಗೆ ಕಾರಿನ ಡಿಕ್ಕಿಯಲ್ಲಿ ಬೇಯುತ್ತಿತ್ತು. ಬಂದು ನೋಡಿದರೆ ಬಿರಡೆ ಅರ್ಧ ಬೆರಳು ಮೇಲೆದ್ದಿದೆ, ಕತ್ತಿನ ಸುತ್ತ ಅಂಟು. ಮಾಳಿಗೆಯ ಮೇಲೆ ತೆರೆದಾಗ ಸುಟ್ಟ ಬೆಲ್ಲದ ವಾಸನೆ. ಭಾವಮೈದುನ ಏನೂ ಅನ್ನಲಿಲ್ಲ, ಗ್ಲಾಸ್ ಕೆಳಗಿಟ್ಟ. ಬೈದಿದ್ದರೆ ವಾಸಿ ಇತ್ತು. ಈ ಕಡೆ ಬೇಸಿಗೆಯಲ್ಲಿ ವೈನ್ ತರೋದಾದರೆ ಒದ್ದೆ ಗೋಣಿ ಸುತ್ತಿ ಕಾಲ ಬುಡದಲ್ಲಿ ಇಟ್ಟುಕೊಳ್ಳಿ. ಕಾರು ಬಿಟ್ಟು ಇಳಿದರೆ ಬಾಟಲಿಯೂ ಇಳಿಯಲಿ.

ಮರುದಿನ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ಮದರಸಾ. ಕಟ್ಟಿ ಮುಗಿದದ್ದು 1472ರಲ್ಲಿ. ಒಂಬತ್ತು ವರ್ಷಕ್ಕೆ, ಹಗೆಗಳು ಹುಟ್ಟಿಸಿದ ಕಳ್ಳ ಪತ್ರ ನಂಬಿ ಸುಲ್ತಾನ ಮೂರನೇ ಮಹಮ್ಮದ್ ಆ ಮುದುಕನ ತಲೆ ತೆಗೆಸಿದ. ಕುಡಿದ ಮತ್ತಿನಲ್ಲಿದ್ದ ಅನ್ನುತ್ತದೆ ಇತಿಹಾಸ. ಅವನ ಮುಂದೆ ಯಾರೂ ಚೊಂಬು ಇಡಲಿಲ್ಲ ಪಾಪ.

ಅಲ್ಲಿಂದ ಬಿದ್ರಿ ಕೆಲಸದವರ ಓಣಿಗೆ ಹೋದೆವು. ಸುಮ್ನೆ ನೋಡಿ ಬರೋಣ ಅಂತ. ಒಬ್ಬ ಹಿರಿಯರು ಹೂದಾನಿಗೆ ಬೆಳ್ಳಿ ತಂತಿ ಬಡಿಯುತ್ತಿದ್ದರು. ಪಾತ್ರೆ ಸತುವಿನದು, ತಾಮ್ರ ಸ್ವಲ್ಪ. ಕೊನೆಗೆ ಕೋಟೆಯ ಹಳೇ ಮಣ್ಣು, ನವಸಾಗರ ಅನ್ನೋ ಉಪ್ಪು ಹಾಕಿ ಕುದಿಸಿದ ನೀರಿಗೆ ಬಿಟ್ಟರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ.

"ಯಾವ ಮಣ್ಣಾದ್ರೂ ನಡೀತದೇನ್ರಿ?" ಅಂದೆ.

"ಎಲ್ಲಿ ನಡೀತದ? ಬಿಸಿಲು, ಮಳಿ ಕಾಣದ ಜಾಗದ್ದೇ ಬೇಕು." ಡಬ್ಬಿಯಿಂದ ಚಿಟಿಕೆ ಮಣ್ಣು ತೆಗೆದು ನಾಲಿಗೆ ತುದಿಗೆ ಮುಟ್ಟಿಸಿದರು. ಕಣ್ಣು ಮುಚ್ಚಿದರು. ಎದ್ದು ಹೊರಗೆ ಹೋಗಿ ಉಗುಳಿ ಬಂದರು. "ಇದು ಆಗ್ತದ."

ನಾವು ಮೂವರೂ ಮುಖ ಮುಖ ನೋಡಿಕೊಂಡೆವು.

ಭಾವಮೈದುನ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಹ್ಯಾಗೆ ಗೊತ್ತಾಗ್ತದೆ, ಉಪ್ಪೋ, ಹುಳಿಯೋ, ಎಷ್ಟು ಹೊತ್ತು ಬಾಯಲ್ಲಿ ಇಡಬೇಕು ಅಂತ ಪ್ರಶ್ನೆ ಮೇಲೆ ಪ್ರಶ್ನೆ. "ನಮ್ಮಪ್ಪ ನನ್ನ ನಾಲಿಗಿ ಮ್ಯಾಲ ಇಟ್ಟ. ಇದು ಹೌದು, ಇದು ಅಲ್ಲ ಅಂದ. ಅಷ್ಟೇ ಕಲಿಸಿದ್ದು" ಎಂದರು ಅವರು. ಮೂಲೆಯ ಬೋಗುಣಿಯಲ್ಲಿ ಮೈಲುತುತ್ತ, ಅಂದರೆ ತಾಮ್ರದ ನೀಲಿ ಉಪ್ಪು, ಕಂಡಿತು. ಕೆತ್ತುವ ಮೊದಲು ಪಾತ್ರೆಗೆ ಸವರುತ್ತಾರೆ, ಗೆರೆ ಎದ್ದು ಕಾಣಲಿ ಅಂತ. "ನಾವು ಸುಣ್ಣದ ಜೋಡಿ ಬಳ್ಳಿಗಿ ಹೊಡೀತೀವಿ, ಬೂಜು ರೋಗಕ್ಕ" ಎಂದ ಇವನು. ಹಿರಿಯರು ಸುತ್ತಿಗೆ ಕೆಳಗಿಟ್ಟರು. ಮುಂದಿನ ಅರ್ಧ ಗಂಟೆ ಬರೀ ಮೈಲುತುತ್ತದ ಮಾತು. ನಾನೂ ಗೆಳೆಯನೂ ಕಾಲು ಬದಲಿಸುತ್ತ ನಿಂತಿದ್ದೆವು.

ಹೊರಡುವಾಗ ಆಸೆ ತಡೆಯದೆ ನನಗೂ ರುಚಿ ತೋರಿಸಿ ಅಂದೆ. ಎರಡು ಚಿಟಿಕೆ ಕೊಟ್ಟರು, ಒಂದು ಕೋಟೆಯದು, ಒಂದು ಹಿತ್ತಲದು. ನಿನ್ನೆ ಪೇರಲ, ಕರಿಮೆಣಸು ಹಿಡಿದ ನಾಲಿಗೆ ಅಲ್ವಾ, ಸೊಕ್ಕಿತ್ತು. ಎರಡೂ ಮಣ್ಣು ಮಣ್ಣಾಗಿ ಒಂದೇ ಇದ್ದವು. ಎರಡನೆಯದು ಕೋಟೆಯದು ಅಂತ ಧೈರ್ಯ ಮಾಡಿ ಹೇಳಿದೆ. ಅವರು ಜೋರಾಗಿ ನಕ್ಕು ನೀರಿನ ಚೊಂಬು ಕೈಗೆ ಕೊಟ್ಟರು.

"ಹೊರಗ ಉಗುಳ್ರಿ. ಇಲ್ಲಿ ಬೆಳ್ಳಿ ಬಿದ್ದಿರ್ತದ."