ನಿಮ್ಮನೇಲಿ ಯಾವ ಬಣ್ಣದ ಬೆಲ್ಲ?

ಮಂಗಳವಾರದಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ. ಕೇಳಿದ್ದು ನನ್ನನ್ನಲ್ಲ, ನಮ್ಮ ಬ್ಯಾಚಿನ ಹುಡುಗನನ್ನು. ಅವನು ಆರಾಮಾಗಿದ್ದಾನೆ. ನಿದ್ದೆ ಕೆಟ್ಟಿರುವುದು ನನ್ನದು.

ಕಸ, ಇಂಧನ ಎರಡೂ ಕಡಿಮೆ ಆಗುವ ಹಾಗೆ ಸರಕು ಮಾಡುವುದು ಹೇಗೆ ಅಂತ ಕಲಿಸುವ ಗ್ರೀನ್ ಎಂಜಿನಿಯರಿಂಗ್ ಪೇಪರ್ ತಗೊಂಡಿರುವ ನಮ್ಮನ್ನೆಲ್ಲ ಮೇಡಂ ಮೈಸೂರಿನಿಂದ ಮಂಡ್ಯದ ಕಡೆ ಒಂದು ಆಲೆಮನೆಗೆ ಕರಕೊಂಡು ಹೋಗಿದ್ದರು. ಪ್ರಾಜೆಕ್ಟಿಗೆ ನಿಜವಾದ ಒಂದು ಪ್ರೊಸೆಸ್ ಬೇಕು. ಅದರ ಮಾಸ್ ಬ್ಯಾಲೆನ್ಸ್, ಎನರ್ಜಿ ಬ್ಯಾಲೆನ್ಸ್, ಅಂದರೆ ಒಳಗೆ ಹೋದ ಸಾಮಾನು, ಶಾಖ ಎಲ್ಲೆಲ್ಲಿ ಹೋಯಿತು ಅನ್ನುವ ಲೆಕ್ಕ ಬರೆದು ಎಲ್ಲಿ ಏನು ಬದಲಾಯಿಸಬಹುದು ಅಂತ ಹೇಳಬೇಕು. ದೊಡ್ಡ ಫ್ಯಾಕ್ಟರಿಯವರು ವಿದ್ಯಾರ್ಥಿಗಳನ್ನು ಗೇಟಿನಲ್ಲೇ ನಿಲ್ಲಿಸುತ್ತಾರೆ. ಆಲೆಮನೆಗೆ ಗೇಟೇ ಇಲ್ಲ. ಬಂದವರಿಗೆಲ್ಲ ಮೊದಲು ಒಂದು ಲೋಟ ಕಬ್ಬಿನ ಹಾಲು, ಆಮೇಲೆ ಮಾತು.

ನೋಡಿದರೆ ನಮ್ಮ ಪಾಠದಲ್ಲಿ ಬರುವ ಎಷ್ಟೋ ವಿಷಯ ಅಲ್ಲಿ ಆಗಲೇ ಇತ್ತು. ಗಾಣದಲ್ಲಿ ಹಿಂಡಿದ ಕಬ್ಬಿನ ರಚ್ಚನ್ನೇ ಬಿಸಿಲಿಗೆ ಒಣಗಿಸಿ ಒಲೆಗೆ ಹಾಕುತ್ತಾರೆ. ಬೂದಿ ಗದ್ದೆಗೆ ಹೋಗುತ್ತದೆ. ಒಂದು ಕೆಜಿ ಸರಕು ಮಾಡಲು ಎಷ್ಟು ಕೆಜಿ ಕಸ ಆಗುತ್ತದೆ ಎಂದು ಅಳೆಯುವ ಇ-ಫ್ಯಾಕ್ಟರ್ ಲೆಕ್ಕ ಇದೆ, ರೋಜರ್ ಶೆಲ್ಡನ್ ಅನ್ನುವ ರಸಾಯನಶಾಸ್ತ್ರಜ್ಞ ಕೊಟ್ಟದ್ದು. ಆ ಲೆಕ್ಕದಲ್ಲಿ ಔಷಧಿ ಕಂಪನಿಗಳು ಸಾಲಾಗಿ ಫೇಲು. ಆಲೆಮನೆ ಫಸ್ಟ್ ಕ್ಲಾಸಿನಲ್ಲಿ ಪಾಸು.

ಶಾಖದ ಲೆಕ್ಕದಲ್ಲಿ ಮಾತ್ರ ಕಷ್ಟ. ಕಬ್ಬಿನ ಹಾಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಒಂದು ಕೆಜಿ ಬೆಲ್ಲ ಬರಬೇಕಾದರೆ ಹತ್ತಿರ ಹತ್ತಿರ 4 ಲೀಟರ್ ನೀರು ಆವಿಯಾಗಬೇಕು. ಅದಕ್ಕೆ ಲೀಟರಿಗೆ ಸುಮಾರು 2,257 ಕಿಲೋಜೂಲ್ ಶಾಖ ಬೇಕು. ಕಾಗದದ ಮೇಲೆ ಮುಕ್ಕಾಲು ಕೆಜಿಗಿಂತ ಕಡಿಮೆ ಒಣ ರಚ್ಚು ಸಾಕು. ಹಳೇ ಒಂಟಿ ಕೊಪ್ಪರಿಗೆಯ ಒಲೆಗಳು 2 ಕೆಜಿಗಿಂತ ಜಾಸ್ತಿ ತಿನ್ನುತ್ತವೆ. ಉಳಿದ ಶಾಖವೆಲ್ಲ ಚಿಮಣಿಯಲ್ಲಿ, ಒಲೆಯ ಗೋಡೆಯಲ್ಲಿ ಹೋಗುತ್ತದೆ. ಕೊಪ್ಪರಿಗೆಯ ಮೇಲೆ ಏಳುವ ಹಬೆಯಂತೂ ಲೆಕ್ಕಕ್ಕೇ ಇಲ್ಲ.

ನಾವೆಲ್ಲ ಆ ಹಬೆಯನ್ನೇ ನೋಡುತ್ತಿದ್ದೆವು. ಈ ಹುಡುಗ ಮಾತ್ರ ಮೂಲೆಯಲ್ಲಿದ್ದ ಡಬ್ಬ ನೋಡಿದ. ಹೈಡ್ರೋಸ್. ಸೋಡಿಯಂ ಹೈಡ್ರೋಸಲ್ಫೈಟ್. ಪಾಕಕ್ಕೆ ಹಾಕಿದರೆ ಬೆಲ್ಲದ ಬಣ್ಣ ತಿಳಿಯಾಗುತ್ತದೆ, ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ. ಅವನು ಕ್ಲಾಸಿನಲ್ಲೂ ಹಾಗೇ, ತಪ್ಪು ಹುಡುಕುವುದರಲ್ಲಿ ಮುಂದು. ಎಲ್ಲರಿಗೂ ಕೇಳುವ ಹಾಗೆ ಯಜಮಾನರನ್ನು ಕೇಳಿಯೇಬಿಟ್ಟ.

"ಇದನ್ನ ಯಾಕೆ ಹಾಕ್ತೀರ ಸರ್? ಇದು ಆರೋಗ್ಯಕ್ಕೆ ಒಳ್ಳೇದಲ್ಲ ಅಲ್ವಾ?"

ಯಜಮಾನರು ಸಿಟ್ಟಾಗಲಿಲ್ಲ. ಸೌಟಿನಲ್ಲಿ ಮಡ್ಡಿ ತೆಗೆಯುತ್ತಾ ಕೇಳಿದರು.

"ನಿಮ್ಮನೇಲಿ ಯಾವ ಬಣ್ಣದ ಬೆಲ್ಲ ತರ್ತಾರಪ್ಪ?"

ಅವನು ಸುಮ್ಮನಾದ. "ಮಾಮೂಲಿ ಬೆಲ್ಲ" ಅಂದ ಆಮೇಲೆ.

"ಮಾಮೂಲಿ ಅಂದ್ರೆ? ಕಪ್ಪಾ, ಹಳದೀನಾ?"

"ಹಳದಿ."

"ಹೂಂ," ಅಂದರು. ಅಷ್ಟೇ. ಮತ್ತೆ ಮಡ್ಡಿ ತೆಗೆಯತೊಡಗಿದರು.

ಆ "ಹೂಂ" ಇದೆಯಲ್ಲ, ಅದರಲ್ಲಿ ಗೆದ್ದೆ ಅನ್ನುವ ಜಂಬ ಇರಲಿಲ್ಲ. ಇದ್ದಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ಬಸ್ಸಿನಲ್ಲಿ ವಾಪಸ್ ಬರುವಾಗ ಹುಡುಗ, "ಜವಾಬ್ದಾರಿ ತಪ್ಪಿಸ್ಕೊಳ್ಳೋಕೆ ಹಾಗೆ ಹೇಳಿದ್ರು" ಅಂದ. ಇರಬಹುದು. ಹೈಡ್ರೋಸ್ ಹಾಕುವ ಕೈ ಅವರದೇ, ಕಾಸು ಎಣಿಸುವ ಕೈಯೂ ಅವರದೇ. ಆದರೂ ಹಳದಿ ಅಂದಾಗ ಅವರ ಮುಖದಲ್ಲಿ ಬಂದದ್ದು ಬರೀ ಸುಸ್ತು ಅನಿಸಿತು ನನಗೆ.

ಬೆಂಡೆ ಗಿಡದ ಲೋಳೆ ಹಾಕಿ, ಸುಣ್ಣದ ನೀರು ಬಿಟ್ಟು ಹಾಲು ತಿಳಿ ಮಾಡುವುದು ಅವರಿಗೆ ಚೆನ್ನಾಗಿ ಗೊತ್ತು. ಮನೆ ಬಳಕೆಗೆ ಹಾಗೇ ಮಾಡಿಕೊಳ್ಳುತ್ತಾರಂತೆ. ಅದು ಕಂದು ಬಣ್ಣದ್ದು. ಮಂಡ್ಯ ಎಪಿಎಂಸಿಯಲ್ಲಿ ಅಚ್ಚು, ಕುರಿಕಾಲಚ್ಚು, ಬಕೆಟ್, ಬಾಕ್ಸ್ ಅಂತ ಒಂದೊಂದು ಆಕಾರದ ಬೆಲ್ಲಕ್ಕೆ ಬೇರೆ ಬೇರೆ ದರ. ಯಾವುದೇ ಇರಲಿ, ಬಣ್ಣ ಕಪ್ಪಾದರೆ ದರ ಇಳಿಯಿತು ಅಂತಲೇ ಅರ್ಥ ಅಂದರು. ತಮಾಷೆ ಅಂದರೆ ಹೈಡ್ರೋಸ್ ಕೊಟ್ಟ ಬಣ್ಣ ನಿಲ್ಲುವುದೂ ಇಲ್ಲ. ಇಟ್ಟಷ್ಟೂ ಬೆಲ್ಲ ಮತ್ತೆ ಕಪ್ಪಾಗುತ್ತದೆ. ಅಷ್ಟರಲ್ಲಿ ಮಾರಾಟ ಮುಗಿದಿರುತ್ತದೆ.

ನಾವು ಪ್ರಾಜೆಕ್ಟ್ ಶುರು ಮಾಡುವಾಗ ಮೊದಲು ಒಂದು ಚೌಕ ಬರೆಯುತ್ತೇವೆ. ಸಿಸ್ಟಮ್ ಬೌಂಡರಿ, ಅಂದರೆ ನಮ್ಮ ಲೆಕ್ಕ ಎಲ್ಲಿಂದ ಎಲ್ಲಿವರೆಗೆ ಅನ್ನುವ ಗಡಿ. ಒಳಗೆ ಬರುವುದಕ್ಕೆ ಒಂದು ಬಾಣ, ಹೊರಗೆ ಹೋಗುವುದಕ್ಕೆ ಒಂದು ಬಾಣ. ನಮ್ಮ ಗುಂಪಿನ ಚೌಕ ಗಾಣದಲ್ಲಿ ಶುರುವಾಗಿ ಅಚ್ಚಿನ ಮಣೆಯಲ್ಲಿ ಮುಗಿದಿತ್ತು. ಕಬ್ಬು, ಸುಣ್ಣ, ಹೈಡ್ರೋಸ್ ಒಳಗೆ. ಬೆಲ್ಲ, ಹೊಗೆ, ಹಬೆ, ಬೂದಿ ಹೊರಗೆ. ಬಣ್ಣ ಯಾವ ಬಾಣದ ಮೇಲೂ ಇಲ್ಲ. ಒಲೆ ಮುಂದೆ ಕೂತು ರಚ್ಚು ತಳ್ಳುತ್ತಿದ್ದ ಹಿಂದಿ ಮಾತಾಡುವ ಹುಡುಗನೂ ಇಲ್ಲ. ಅಂಥ ಧಗೆಯಲ್ಲಿ ಅವನು ದಿನಕ್ಕೆ ಎಷ್ಟು ಹೊತ್ತು ಕೂರುತ್ತಾನೆ ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಮೇಡಂ ಕೂಡ.

ಪಾಲ್ ಅನಾಸ್ಟಾಸ್ ಮತ್ತು ಜೂಲಿ ಜಿಮ್ಮರ್‌ಮನ್ 2003ರಲ್ಲಿ ಗ್ರೀನ್ ಎಂಜಿನಿಯರಿಂಗಿಗೆ 12 ಸೂತ್ರ ಬರೆದರು. ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದೇವೆ. ಎರಡನೆಯದು, ಕಸ ಆದಮೇಲೆ ತೊಳೆಯುವುದಕ್ಕಿಂತ ಆಗದ ಹಾಗೆ ನೋಡಿಕೊಳ್ಳಿ ಅನ್ನುತ್ತದೆ. ಎಂಟನೆಯದು, ಅಗತ್ಯ ಇದ್ದಷ್ಟೇ ಮಾಡಿ ಅನ್ನುತ್ತದೆ. ಬೆಲ್ಲ ಹಳದಿ ಇರಬೇಕು ಅನ್ನುವುದು ಯಾರ ಅಗತ್ಯ? ಪಾಯಸಕ್ಕಂತೂ ಅಲ್ಲ. ಬೇಡದ ಗುಣವೊಂದನ್ನು ಸರಕಿಗೆ ಕಟ್ಟಿಟ್ಟು, ಅದಕ್ಕೆ ಬೇಕಾದ ರಾಸಾಯನಿಕವನ್ನು ಕಡಿಮೆ ಮಾಡುವುದು ಹೇಗೆ ಅಂತ ನಾವು ಪ್ರಾಜೆಕ್ಟ್ ಬರೆಯುತ್ತೇವೆ.

ಹಬೆಗಾದರೆ ಉತ್ತರ ಇದೆ, ಅದೂ ಹಳೇದು. ನಾರ್ಬರ್ಟ್ ರಿಲ್ಯೂ ಅಂತ, 1806ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಹುಟ್ಟಿದ ಎಂಜಿನಿಯರ್. ಅವನ ಕಾಲದಲ್ಲಿ ಅಲ್ಲಿ ಗುಲಾಮರು ಕುದಿಯುವ ಕಬ್ಬಿನ ರಸವನ್ನು ಒಂದು ಕಡಾಯಿಯಿಂದ ಇನ್ನೊಂದಕ್ಕೆ ಸೌಟಿನಲ್ಲಿ ಎತ್ತಿ ಹಾಕುತ್ತಿದ್ದರು. ಒಂದು ಪಾತ್ರೆಯ ಹಬೆಯಿಂದಲೇ ಮುಂದಿನ ಪಾತ್ರೆಯನ್ನು, ಒತ್ತಡ ಇಳಿಸಿ, ಕುದಿಸುವ ಉಪಕರಣಕ್ಕೆ ಅವನು 1843ರಲ್ಲಿ ಪೇಟೆಂಟ್ ಪಡೆದ. ಇವತ್ತಿನ ಸಕ್ಕರೆ ಕಾರ್ಖಾನೆಗಳೆಲ್ಲ ನಡೆಯುವುದು ಆ ತತ್ವದ ಮೇಲೆ. ಮಂಡ್ಯದ ಸಕ್ಕರೆ ಕಾರ್ಖಾನೆ ಮೈಷುಗರ್ ಸ್ಥಾಪನೆಯಾಗಿದ್ದು 1933ರಲ್ಲಿ. ಅದು ಇರುವ ಜಿಲ್ಲೆಯಲ್ಲೇ ಆಲೆಮನೆಯ ಹಬೆ ಇನ್ನೂ ಮಾಡಿಗೆ ಹೋಗುತ್ತಿದೆ. ಬಾಯ್ಲರ್, ವ್ಯಾಕ್ಯೂಮ್ ಪಂಪ್, ಸ್ಟೀಲ್ ಪಾತ್ರೆ, ಇವಕ್ಕೆಲ್ಲ ದುಡ್ಡು ಎಲ್ಲಿಂದ ಬರಬೇಕು? ದರ ಸಿಗುವುದು ಬಣ್ಣಕ್ಕೆ. ಕಡಿಮೆ ರಚ್ಚಿನಲ್ಲಿ ಕಾಯಿಸಿದ ಬೆಲ್ಲ ಅಂತ ಒಂದು ರೂಪಾಯಿ ಜಾಸ್ತಿ ಕೊಡುವವರು ಯಾರೂ ಇಲ್ಲ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಮುಂದಿನ ಸಲ ಕಪ್ಪು ಬೆಲ್ಲ ತರೋಣ ಅಂದೆ. "ತಾ, ಯಾರು ಬೇಡ ಅಂದ್ರು? ಒಬ್ಬಟ್ಟಿನ ಹೂರಣ ಕರ್ರಗಾದ್ರೆ ನಿಮ್ಮತ್ತೆ ಏನಂತಾಳೆ ಅಂತ ನೀನೇ ಕೇಳಿಸ್ಕೋ" ಅಂದಳು. ಅತ್ತೆಯ ಬಾಯಿ ನನಗೆ ಗೊತ್ತು. ಅವಳನ್ನು ಯಾವ ಬಾಣದ ಮೇಲೆ ಬರೆಯುವುದು ಅಂತ ಮಾತ್ರ ಗೊತ್ತಿಲ್ಲ.

ನಿನ್ನೆ ಮೇಡಂ ಹತ್ತಿರ ಮಾತಾಡಿದೆ. ಒಲೆಯ ಲೆಕ್ಕದ ಜೊತೆಗೆ ಎಪಿಎಂಸಿಗೂ ಹೋಗಿ ಬಣ್ಣದ ಮೇಲೆ ದರ ಹೇಗೆ ಇಳಿಯುತ್ತದೆ, ಹೈಡ್ರೋಸ್ ಬಿಟ್ಟವರಿಗೆ ಎಷ್ಟು ನಷ್ಟ ಆಗುತ್ತದೆ ಅಂತ ಬರೆದು ತರುತ್ತೇನೆ ಅಂದೆ. ಅವರು ಒಪ್ಪಿದ್ದಾರೆ. ನಮ್ಮ ಗುಂಪಿನ ಹುಡುಗ ಬರುವುದಿಲ್ಲವಂತೆ. ಅದು ಎಂಜಿನಿಯರಿಂಗ್ ಅಲ್ಲವಂತೆ, ವ್ಯಾಪಾರವಂತೆ. ಶನಿವಾರ ನಾನೊಬ್ಬಳೇ ಮಂಡ್ಯದ ರೈಲು ಹತ್ತುತ್ತೇನೆ.