ಐವತ್ತು ಸಾವಿರ ಸಾಕಾ ಅಂತ ಕೇಳಿದ ತಮ್ಮನಿಗೆ

"ಅಕ್ಕಾ, ಆ ಆರ್ಬಿಟ್ರೇಜ್ ಶುರು ಮಾಡೋಕೆ ಐವತ್ತು ಸಾವಿರ ಸಾಕಾ?"

ದಾವಣಗೆರೆಯಿಂದ ಚಿಕ್ಕಮ್ಮನ ಮಗ ವಾಟ್ಸಾಪ್‌ನಲ್ಲಿ ಕೇಳಿದ್ದು ಇಷ್ಟೇ. ಊರಿಗೆ ಹೋಗಿದ್ದಾಗ ನಮ್ಮ ಮನೆಯವರು ಊಟದ ಹೊತ್ತಲ್ಲಿ "ಇವಳು ಬೆಟ್ಟಿಂಗ್‌ನಲ್ಲಿ ದುಡ್ಡು ಮಾಡಿದ್ದಾಳೆ" ಅಂತ ಬಾಯಿ ಬಿಟ್ಟಿದ್ದರು. ಚಿಕ್ಕಮ್ಮ ಅನ್ನ ಬಡಿಸುವುದನ್ನೇ ನಿಲ್ಲಿಸಿ ನನ್ನ ಮುಖ ನೋಡಿದರು. ಈ ಹುಡುಗ ಮಾತ್ರ ಅದನ್ನು ತಲೆಯಲ್ಲಿ ಇಟ್ಟುಕೊಂಡಿದ್ದಾನೆ.

ವಾಟ್ಸಾಪ್‌ನಲ್ಲಿ ಬರೆದು ಮುಗಿಯುವ ಉತ್ತರ ಅಲ್ಲ ಇದು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಆರ್ಬಿಟ್ರೇಜ್ ಅಂದರೆ ಒಂದೇ ಮ್ಯಾಚ್‌ನ ಎಲ್ಲ ಫಲಿತಾಂಶಗಳ ಮೇಲೂ ಬೇರೆ ಬೇರೆ ಕಡೆ ಬೆಟ್ ಹಾಕಿ, ಯಾರೇ ಗೆದ್ದರೂ ಸಣ್ಣ ಲಾಭ ಉಳಿಯುವಂತೆ ನೋಡಿಕೊಳ್ಳುವುದು. ನಾನು ಲೀಡ್ಸ್‌ನಲ್ಲಿ ಪೇರೋಲ್ ಕೆಲಸ ಮಾಡುತ್ತೇನೆ, ದಿನವಿಡೀ ಎಕ್ಸೆಲ್. 2023ರ ಚಳಿಗಾಲದಲ್ಲಿ ನಾಲ್ಕು ತಿಂಗಳು, ಸಂಜೆ ಹೊತ್ತು ಮತ್ತು ಶನಿವಾರಗಳಲ್ಲಿ, ಇದನ್ನು ಮಾಡಿದೆ. ಇಂಗ್ಲೆಂಡಿನಲ್ಲಿ ಇದು ಕಾನೂನಿಗೆ ವಿರುದ್ಧ ಅಲ್ಲ. ಗೆದ್ದ ಹಣಕ್ಕೆ ತೆರಿಗೆಯೂ ಇಲ್ಲ. 2001ರ ಅಕ್ಟೋಬರ್‌ವರೆಗೆ ಇಲ್ಲಿ ಬೆಟ್ ಹಾಕುವವರೇ ತೆರಿಗೆಯ ಹೆಸರಲ್ಲಿ ಬುಕ್ಕಿಗೆ 9 ಪರ್ಸೆಂಟ್ ಕೊಡಬೇಕಿತ್ತು. ಅದು ಹೋಗದೇ ಇದ್ದಿದ್ದರೆ ಒಂದು ಪರ್ಸೆಂಟ್ ಲಾಭದ ಈ ಆಟವೇ ಹುಟ್ಟುತ್ತಿರಲಿಲ್ಲ.

ಮೊದಲು ಲೆಕ್ಕ. ಟೆನಿಸ್ ಮ್ಯಾಚ್ ತಗೊಳ್ಳಿ, ಡ್ರಾ ಅನ್ನೋದು ಇಲ್ಲ. ಒಬ್ಬ ಬುಕ್ಕಿ (ಇಲ್ಲಿ ಬುಕ್ಕಿ ಅಂದರೆ ಲೈಸೆನ್ಸ್ ಇರುವ ಬೆಟ್ಟಿಂಗ್ ಕಂಪನಿ) ಒಬ್ಬಳಿಗೆ 2.06 ಆಡ್ಸ್ ಕೊಡುತ್ತಿದ್ದಾನೆ, ಅಂದರೆ ಅವಳು ಗೆದ್ದರೆ ಹಾಕಿದ ಒಂದು ಪೌಂಡ್‌ಗೆ 2.06 ಪೌಂಡ್ ವಾಪಸ್. ಇನ್ನೊಬ್ಬ ಬುಕ್ಕಿ ಎದುರಾಳಿಗೆ 2.00. ಒಂದನ್ನು 2.06ರಿಂದ ಭಾಗಿಸಿ, 2.00ರಿಂದಲೂ ಭಾಗಿಸಿ, ಎರಡನ್ನೂ ಕೂಡಿಸಿದರೆ 0.985 ಬರುತ್ತದೆ. ಒಂದೇ ಬುಕ್ಕಿಯ ಹತ್ತಿರ ಈ ಮೊತ್ತ ಯಾವಾಗಲೂ ಒಂದಕ್ಕಿಂತ ಜಾಸ್ತಿಯೇ ಇರುತ್ತದೆ, ಅದೇ ಅವನ ಸಂಪಾದನೆ. ಇಬ್ಬರ ನಡುವೆ ಒಂದಕ್ಕಿಂತ ಕಡಿಮೆ ಸಿಕ್ಕರೆ ಅದು ಆರ್ಬ್. 1000 ಪೌಂಡ್ ಇದ್ದರೆ 492.61 ಇಲ್ಲಿ, 507.39 ಅಲ್ಲಿ ಹಾಕಬೇಕು. ಯಾರೇ ಗೆಲ್ಲಲಿ ಕೈಗೆ ಬರುವುದು 1014.78. ಅಂದರೆ ಲಾಭ 14 ಪೌಂಡ್ 78 ಪೆನ್ಸ್. ಇದೇ ಆರ್ಬ್‌ಗೆ 100 ಪೌಂಡ್ ಹಾಕಿದರೆ ಒಂದೂವರೆ ಪೌಂಡ್ ಕೂಡ ಇಲ್ಲ, ಆಫೀಸ್ ಕೆಳಗಿನ ಅಂಗಡಿಯಲ್ಲಿ ಒಂದು ಟೀ ಬರಲ್ಲ. ಇದು ಒಳ್ಳೆಯ ಆರ್ಬ್, ತಿಳಿದುಕೊಳ್ಳಿ. ನನಗೆ ದಿನಾ ಸಿಗುತ್ತಿದ್ದದ್ದು ಅರ್ಧ, ಮುಕ್ಕಾಲು, ಒಂದು ಪರ್ಸೆಂಟ್.

ಇಷ್ಟು ಓದಿದವರು ತಕ್ಷಣ ಗುಣಾಕಾರಕ್ಕೆ ಕೂರುತ್ತಾರೆ. ನಾನೂ ಕೂತೆ. 1200 ಪೌಂಡ್, ದಿನಕ್ಕೆ ಒಂದು ಪರ್ಸೆಂಟ್, ತಿಂಗಳಿಗೆ ಇಷ್ಟು, ವರ್ಷಕ್ಕೆ ಅಷ್ಟು, ಹೀಗೆ ಎಕ್ಸೆಲ್‌ನಲ್ಲಿ ಎಳೆದೆ. ತಪ್ಪಿದ್ದು ಇಲ್ಲೇ. ಆ 1200 ಪೌಂಡ್ ಒಂದೇ ಜೇಬಿನಲ್ಲಿ ಇರಲ್ಲ.

ನನ್ನ ದುಡ್ಡು ಎಂಟು ಕಡೆ ಹಂಚಿಹೋಗಿತ್ತು. ಏಳು ಬುಕ್ಕಿಗಳ ಖಾತೆ, ಒಂದು ಎಕ್ಸ್‌ಚೇಂಜ್. ಎಕ್ಸ್‌ಚೇಂಜ್‌ನಲ್ಲಿ ಬುಕ್ಕಿ ಇಲ್ಲ. ನಿಮ್ಮ ಹಾಗೇ ಇನ್ನೊಬ್ಬರು ಎದುರಿಗೆ ಇರುತ್ತಾರೆ, ಮತ್ತು ಅಲ್ಲಿ "ಇವರು ಗೆಲ್ಲಲ್ಲ" ಅಂತಲೂ ಹಾಕಬಹುದು. ಅದಕ್ಕೆ ಲೇ ಅನ್ನುತ್ತಾರೆ. ನಮ್ಮ ಕಡೆ ಕ್ರಿಕೆಟ್ ಬೆಟ್ಟಿಂಗ್‌ನವರ ಬಾಯಲ್ಲಿ ಬರುವ ಲಗಾಯಿ, ಖಾಯಿ ಇದೆಯಲ್ಲ, ಅದೇ ಬ್ಯಾಕ್ (ಗೆಲ್ಲುತ್ತಾರೆ ಅಂತ ಹಾಕುವುದು) ಮತ್ತು ಲೇ. ಫುಟ್‌ಬಾಲ್‌ನಲ್ಲಿ ಗೆಲುವು, ಸೋಲು, ಡ್ರಾ ಅಂತ ಮೂರು ದಾರಿ ಇರುವುದರಿಂದ ಮೂರು ಬುಕ್ಕಿಗಳನ್ನು ಹಿಡಿಯುವ ಬದಲು ಒಂದು ಬುಕ್ಕಿ, ಒಂದು ಎಕ್ಸ್‌ಚೇಂಜ್ ಹಿಡಿದರೆ ಕೆಲಸ ಆಗುತ್ತದೆ.

ಆದರೆ ಲೇ ಹಾಕುವುದು ದುಡ್ಡು ಎಷ್ಟು ತಿನ್ನುತ್ತದೆ ನೋಡಿ. ಬುಕ್ಕಿಯ ಹತ್ತಿರ 3.20ಕ್ಕೆ 50 ಪೌಂಡ್ ಹಾಕಿದೆ ಅಂದುಕೊಳ್ಳಿ. ಎಕ್ಸ್‌ಚೇಂಜ್‌ನಲ್ಲಿ ಅದೇ ತಂಡ 3.10, ಕಮಿಷನ್ 2 ಪರ್ಸೆಂಟ್. ಲೆಕ್ಕದ ಪ್ರಕಾರ 51.95 ಪೌಂಡ್ ಲೇ ಮಾಡಬೇಕು. ಆ ತಂಡ ಗೆದ್ದುಬಿಟ್ಟರೆ ಎದುರಿನವರಿಗೆ ನಾನು ಕೊಡಬೇಕಾದದ್ದು 109.09. ಅದನ್ನು ಎಕ್ಸ್‌ಚೇಂಜ್ ಮೊದಲೇ ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೆ ಲಯಬಿಲಿಟಿ ಅಂತ ಹೆಸರು. ಒಟ್ಟು 159 ಪೌಂಡ್ ಎರಡು ಕಡೆ ಕಟ್ಟಿಹಾಕಿ, ಮ್ಯಾಚ್ ಮುಗಿಯುವವರೆಗೆ ಕಾದು, ನನಗೆ ಸಿಗುವುದು 91 ಪೆನ್ಸ್. ಆಡ್ಸ್ 11ರ ಹತ್ತಿರ ಇರುವ ಕುದುರೆ ಆದರೆ ಇನ್ನೂ ಚೆಂದ, 20 ಪೌಂಡ್ ಬೆಟ್‌ಗೆ 200 ಪೌಂಡ್ ಲಯಬಿಲಿಟಿ.

ಈಗ ಶನಿವಾರ ಬಂತು ಅಂದುಕೊಳ್ಳಿ. ಮಧ್ಯಾಹ್ನ ಮೂರಕ್ಕೆ ಅರ್ಧ ಇಂಗ್ಲೆಂಡ್ ಫುಟ್‌ಬಾಲ್ ಆಡುತ್ತದೆ. ಆಡುವ ಹನ್ನೊಂದು ಜನರ ಪಟ್ಟಿ ಹೊರಬಿದ್ದ ಕೂಡಲೇ ಆಡ್ಸ್ ಅಲ್ಲಾಡುತ್ತವೆ, ಎಕ್ಸ್‌ಚೇಂಜ್ ಬೇಗ ಬದಲಾಗುತ್ತದೆ, ಬುಕ್ಕಿ ಸ್ವಲ್ಪ ತಡ, ಆ ಸಂದಿಯಲ್ಲೇ ಆರ್ಬ್‌ಗಳು. ಮೂರು ಹಾಕಿದೆ. ಮೂರರಲ್ಲೂ ಬುಕ್ಕಿಯ ಹತ್ತಿರ ಹಾಕಿದ ತಂಡವೇ ಗೆದ್ದಿತು. ಖುಷಿ ಪಡಬೇಕು ಅಲ್ವಾ? ನನಗೆ ಮೈ ಉರಿಯಿತು. ಲಾಭ ಎರಡೂವರೆ ಪೌಂಡ್, ಆದರೆ ಎಕ್ಸ್‌ಚೇಂಜ್‌ನಲ್ಲಿದ್ದ ದುಡ್ಡೆಲ್ಲ ಖಾಲಿ, ಅದು ಮೂರು ಬುಕ್ಕಿಗಳ ಖಾತೆಗೆ ಹೋಗಿ ಕೂತಿದೆ. ಸಂಜೆ ಐದೂವರೆಯ ಮ್ಯಾಚ್‌ನಲ್ಲಿ ಒಳ್ಳೆಯ ಆರ್ಬ್ ಕಾಣುತ್ತಿದೆ, ಲೇ ಹಾಕಲು ಕಾಸಿಲ್ಲ. ಬುಕ್ಕಿಯಿಂದ ಹಣ ತೆಗೆದರೆ ಬ್ಯಾಂಕಿಗೆ ಬರಲು ಒಂದು ದಿನವೋ, ಮೂರು ದಿನವೋ. ಕ್ರೆಡಿಟ್ ಕಾರ್ಡ್‌ನಲ್ಲಿ ತುಂಬೋಣ ಅಂದರೆ 2020ರ ಏಪ್ರಿಲ್‌ನಿಂದ ಇಲ್ಲಿ ಅದು ಬಂದ್. (ಬಂದ್ ಆದದ್ದು ಒಳ್ಳೆಯದೇ ಆಯಿತು. ಆ ಸಂಜೆ ನಾನು ತುಂಬಿಬಿಡುತ್ತಿದ್ದೆ.)

ಹಾಗಾಗಿ ಎಷ್ಟು ಬೇಕು ಅನ್ನುವುದಕ್ಕೆ ನನ್ನ ಉತ್ತರ ಹೀಗೆ. ಒಂದು ಸಲಕ್ಕೆ 50 ಪೌಂಡ್‌ನ ಬೆಟ್ ಹಾಕಬೇಕು ಅಂತಿದ್ದರೆ ಕೈಯಲ್ಲಿ 1200ರಿಂದ 1500 ಪೌಂಡ್ ಇರಬೇಕು. ಅದರಲ್ಲಿ ಅರ್ಧ ಎಕ್ಸ್‌ಚೇಂಜ್‌ನಲ್ಲಿ, ಉಳಿದದ್ದು ಬುಕ್ಕಿಗಳಲ್ಲಿ ನೂರು ನೂರರಂತೆ, ಸ್ವಲ್ಪ ಬ್ಯಾಂಕಿನಲ್ಲಿ. 400, 500 ಇಟ್ಟುಕೊಂಡು ಹೊರಟರೆ ಎರಡನೇ ಬೆಟ್‌ಗೇ ಕೈ ಕಟ್ಟಿಹೋಗುತ್ತದೆ. ಕಲಿಯಲು ಅಷ್ಟು ಸಾಕು, ಗಳಿಸಲು ಸಾಲದು. ತಮ್ಮನ ಐವತ್ತು ಸಾವಿರ ಅಂದರೆ ಸುಮಾರು ನಾನೂರು ಪೌಂಡ್. ಮತ್ತೆ ಇದು ಬಾಡಿಗೆಯ ದುಡ್ಡಾಗಿರಬಾರದು. ಒಂದು ತಿಂಗಳು ಎಲ್ಲೋ ಸಿಕ್ಕಿಹಾಕಿಕೊಂಡರೂ ಮನೆ ನಡೆಯಬೇಕು.

ಸಿಕ್ಕಿಹಾಕಿಕೊಳ್ಳುತ್ತದೆ, ಸುಮ್ನೆ ಹೇಳುತ್ತಿಲ್ಲ. ಒಬ್ಬ ಬುಕ್ಕಿ ನನ್ನ 260 ಪೌಂಡ್ ಹಿಡಿದುಕೊಂಡು ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಕೊನೆಗೆ ಸಂಬಳದ ಚೀಟಿ ಇನ್ನೂ ಸ್ಪಷ್ಟವಾಗಿ ಕಾಣುವ ಫೋಟೋ ಕೇಳಿದ. ಜನರ ಸಂಬಳದ ಚೀಟಿ ತಯಾರಿಸುವುದೇ ನನ್ನ ಕೆಲಸ, ನನ್ನ ಚೀಟಿ ಅವನಿಗೆ ಸಾಲಲಿಲ್ಲ. 19 ದಿನ ಆಯಿತು. ಈಗ ತಪಾಸಣೆ ಇನ್ನೂ ಜಾಸ್ತಿ, 2025ರ ಫೆಬ್ರವರಿ ಕೊನೆಯಿಂದ 30 ದಿನಗಳಲ್ಲಿ ನಿವ್ವಳ 150 ಪೌಂಡ್‌ಗಿಂತ ಹೆಚ್ಚು ತುಂಬಿದವರ ಹಣಕಾಸಿನ ಸ್ಥಿತಿಯನ್ನು ಬುಕ್ಕಿಗಳು ಹಿನ್ನೆಲೆಯಲ್ಲೇ ನೋಡಬೇಕು ಅಂತ ನಿಯಮ. ನಿಜವಾಗಿ ಆಡಿ ಕಳೆದುಕೊಳ್ಳುವವರನ್ನು ಕಾಪಾಡಲು ಅದು ಬೇಕೇ ಬೇಕು. ನನ್ನಂಥವರೂ ಅದೇ ಬಲೆಗೆ ಬೀಳುತ್ತೇವೆ, ಅಷ್ಟೇ.

"ರಿಸ್ಕ್ ಇಲ್ಲ" ಅನ್ನುವ ಮಾತಿನ ಬಗ್ಗೆಯೂ ಹೇಳಿಬಿಡುತ್ತೇನೆ. ಟೆನಿಸ್‌ನಲ್ಲಿ ಆಟಗಾರ್ತಿ ಗಾಯವಾಗಿ ಮಧ್ಯದಲ್ಲೇ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಬುಕ್ಕಿಗಳಲ್ಲಿ ಒಂದೇ ನಿಯಮ ಇಲ್ಲ. ಕೆಲವರು ಮ್ಯಾಚ್ ಪೂರ್ತಿ ಆಗದಿದ್ದರೆ ಬೆಟ್ ರದ್ದು ಮಾಡಿ ದುಡ್ಡು ವಾಪಸ್ ಕೊಡುತ್ತಾರೆ. ಕೆಲವರಿಗೆ ಒಂದು ಸೆಟ್ ಮುಗಿದಿದ್ದರೆ ಸಾಕು, ಬೆಟ್ ಲೆಕ್ಕಕ್ಕೆ ಬರುತ್ತದೆ. ಜನವರಿಯ ಒಂದು ರಾತ್ರಿ ನಾನು ಹಾಕಿದ್ದವಳು ಎರಡನೇ ಸೆಟ್‌ನಲ್ಲಿ ಕಾಲು ಹಿಡಿದುಕೊಂಡು ಹೊರನಡೆದಳು. ಅವಳ ಮೇಲಿನ 118 ಪೌಂಡ್ ಸೋತಿತು. ಎದುರಾಳಿಯ ಮೇಲೆ ಹಾಕಿದ್ದು ಬೇರೆ ಬುಕ್ಕಿಯ ಹತ್ತಿರ, ಅಲ್ಲಿ ಬೆಟ್ ರದ್ದು. ಗೆದ್ದವಳ ಹಣ ಬರಲೇ ಇಲ್ಲ. ತಪ್ಪು ನನ್ನದೇ, ನಿಯಮ ಅಲ್ಲೇ ಬರೆದಿತ್ತು, ನಾನು ಓದಿರಲಿಲ್ಲ. ಒಂದೊಂದು ಪೌಂಡ್ ಕೂಡಿಸುತ್ತಾ 118 ತುಂಬಿಸಬೇಕಾಗಿ ಬಂದಾಗ ಪರ್ಸೆಂಟ್ ಎಷ್ಟು ಸಣ್ಣದು ಅಂತ ಅರ್ಥವಾಗುತ್ತದೆ. ಬುಕ್ಕಿ ಕಣ್ಣಿಗೆ ಕಾಣುವಷ್ಟು ತಪ್ಪು ಆಡ್ಸ್ ಹಾಕಿದ್ದಾಗಲೂ ಹೀಗೇ, ಆಮೇಲೆ "ಅದು ನಮ್ಮ ತಪ್ಪು" ಅಂತ ಬೆಟ್ ರದ್ದು ಮಾಡುವ ಹಕ್ಕು ಅವನ ಷರತ್ತುಗಳಲ್ಲೇ ಇರುತ್ತದೆ. ನಾಲ್ಕು, ಐದು ಪರ್ಸೆಂಟ್ ಲಾಭ ಕಂಡರೆ ನಾನು ಮುಟ್ಟುತ್ತಲೇ ಇರಲಿಲ್ಲ.

ಹಾಗಾದರೆ ಹತ್ತು ಸಾವಿರ ಪೌಂಡ್ ಇಟ್ಟರೆ? ಇದನ್ನು ನಮ್ಮ ಮನೆಯವರೇ ಕೇಳಿದ್ದರು. ಹಾಕಲು ಜಾಗವೇ ಸಿಗಲ್ಲ. ಯಾವಾಗಲೂ ಒಳ್ಳೆಯ ಆಡ್ಸ್ ಮಾತ್ರ ಹಿಡಿಯುವವರನ್ನು ಬುಕ್ಕಿಗಳು ಬೇಗ ಗುರುತಿಸುತ್ತಾರೆ. 492.61 ಅಂತ ಚಿಲ್ಲರೆ ಸಮೇತ ಬೆಟ್ ಹಾಕಿದರಂತೂ ಮುಗಿಯಿತು, ಅದಕ್ಕೆ ಎಲ್ಲರೂ ಐದಕ್ಕೋ ಹತ್ತಕ್ಕೋ ಸರಿಮಾಡಿ ಹಾಕುತ್ತಾರೆ. ಆದರೂ ಎರಡನೇ ತಿಂಗಳಿನಿಂದ ನನ್ನ ಖಾತೆಗಳಿಗೆ ಕತ್ತರಿ ಬೀಳತೊಡಗಿತು. 50 ಪೌಂಡ್ ಟೈಪ್ ಮಾಡಿದರೆ "ಗರಿಷ್ಠ 2 ಪೌಂಡ್ 11 ಪೆನ್ಸ್" ಅಂತ ತೋರಿಸುತ್ತದೆ. ಇಲ್ಲಿನವರು ಇದಕ್ಕೆ ಗಬ್ಬಿಂಗ್ ಅನ್ನುತ್ತಾರೆ. ಕನ್ನಡದ ಕಿವಿಗೆ ಸರಿಯಾದ ಹೆಸರೇ. ನಾಲ್ಕು ತಿಂಗಳಲ್ಲಿ ಏಳರಲ್ಲಿ ಐದು ಹೋದವು. ಎಕ್ಸ್‌ಚೇಂಜ್ ಯಾರನ್ನೂ ಹೀಗೆ ತಡೆಯಲ್ಲ, ಅದಕ್ಕೆ ಕಮಿಷನ್ ಬಂದರೆ ಸಾಕು. ಆದರೆ ಇನ್ನೊಂದು ತುದಿ ಇಲ್ಲದೆ ಅದೊಂದನ್ನೇ ಇಟ್ಟುಕೊಂಡು ಏನು ಮಾಡುವುದು?

ಕೊನೆಯ ಲೆಕ್ಕ ಹೇಳುತ್ತೇನೆ. ಆ 118 ಕಳೆದು ಲಾಭ 430 ಪೌಂಡ್. ಅದರಲ್ಲಿ ಮೂರರಲ್ಲಿ ಒಂದು ಪಾಲು ಹೊಸ ಗಿರಾಕಿಗಳಿಗೆ ಕೊಡುವ ಫ್ರೀ ಬೆಟ್‌ನಿಂದ ಬಂದದ್ದು, ಅಂದರೆ ಎರಡನೇ ಸಲ ಬರಲ್ಲ. ಸಮಯ ಬರೆದಿಟ್ಟಿದ್ದೆ, 110 ಗಂಟೆ. ಗಂಟೆಗೆ ನಾಲ್ಕು ಪೌಂಡ್‌ಗೂ ಕಡಿಮೆ ಬಿತ್ತು, ಆ ವರ್ಷ ಇಲ್ಲಿನ ಕನಿಷ್ಠ ಕೂಲಿಯೇ 10.42. ಆಮೇಲೆ ಮನೆ ಸಾಲಕ್ಕೆ ಹೋದಾಗ ಬ್ರೋಕರ್ ನನ್ನ ಸ್ಟೇಟ್‌ಮೆಂಟ್ ನೋಡಿ, ಪುಟದ ತುಂಬ ಬುಕ್ಕಿಗಳ ಹೆಸರು ಕಂಡು, ತುಂಬ ಮೆಲ್ಲಗೆ "ಎಲ್ಲಾ ಸರಿಯಾಗಿದೆಯಾ?" ಅಂತ ಕೇಳಿದ. ಇದಕ್ಕೇ ಬೇರೆ ಬ್ಯಾಂಕ್ ಖಾತೆ ಇಡಬೇಕಿತ್ತು.

ಇನ್ನು ತಮ್ಮನ ವಿಷಯ. ದಾವಣಗೆರೆಯಲ್ಲಿ ಕೂತು ಇದನ್ನು ಮಾಡಲು ಎಷ್ಟು ದುಡ್ಡಿದ್ದರೂ ಆಗಲ್ಲ. ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡಿಸುವುದನ್ನೇ ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಅದರಲ್ಲಿ ಶಿಕ್ಷೆ ಆಡಿಸುವವರಿಗೆ, ಜಾಹೀರಾತು ಕೊಡುವವರಿಗೆ, ಹಣ ಸಾಗಿಸುವವರಿಗೆ. ಆಡುವವನಿಗೆ ಇಲ್ಲ. ಹಾಗಂತ ಅವನು "ಟೆಲಿಗ್ರಾಂನಲ್ಲಿ ಬೆಟ್ಟಿಂಗ್ ಐಡಿ ಕೊಡ್ತಾರೆ ಅಕ್ಕಾ" ಅಂದ. ಅಲ್ಲಪ್ಪಾ, ಲೈಸೆನ್ಸ್ ಇರುವ ಬುಕ್ಕಿಯೇ 19 ದಿನ ನನ್ನ ದುಡ್ಡು ಹಿಡಿದಿದ್ದ, ಆ ಐಡಿ ಕೊಡುವವನು ಫೋನ್ ಆಫ್ ಮಾಡಿದರೆ ಯಾರ ಹತ್ತಿರ ಹೋಗುತ್ತೀಯಾ? ಆಮೇಲೆ "ನಿಮಗೇ ಕಳಿಸ್ತೀನಿ, ನಿಮ್ಮ ಖಾತೆಯಲ್ಲೇ ಹಾಕಿ" ಅಂದ. ಲಾಟರಿ, ಫುಟ್‌ಬಾಲ್ ಪೂಲ್ಸ್ (ಮ್ಯಾಚ್ ಫಲಿತಾಂಶ ಊಹಿಸುವ ಜೂಜು) ಅಂಥವಕ್ಕೆ ಹೊರದೇಶಕ್ಕೆ ಹಣ ಕಳಿಸುವುದನ್ನು 2000ದ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮಗಳೇ ತಡೆದಿವೆ. ಬುಕ್ಕಿಗಳ ಷರತ್ತಿನಲ್ಲೂ ಬೇರೆಯವರ ದುಡ್ಡು ಹಾಕುವಂತಿಲ್ಲ. ಇದನ್ನೆಲ್ಲ ಹೇಳಿದ ಮೇಲೆ ಅವನು ಒಂದು ಥಂಬ್ಸ್ ಅಪ್ ಹಾಕಿ ಸುಮ್ಮನಾದ. ಚಿಕ್ಕಮ್ಮನಿಗೆ ಹೇಳಬೇಡಿ ಅಂತ ಆಮೇಲೆ ಇನ್ನೊಂದು ಮೆಸೇಜ್.

ಅಂದ ಹಾಗೆ ನನ್ನ ದುಡ್ಡು ಪೂರ್ತಿ ಇನ್ನೂ ಹೊರಗೆ ಬಂದಿಲ್ಲ. ಒಬ್ಬ ಬುಕ್ಕಿಯ ಹತ್ತಿರ 4 ಪೌಂಡ್ 12 ಪೆನ್ಸ್ ಉಳಿದಿದೆ. ಹಣ ತೆಗೆಯಲು ಕನಿಷ್ಠ 10 ಪೌಂಡ್ ಇರಬೇಕಂತೆ. ಬೆಟ್ ಹಾಕಿ ಹತ್ತು ಮಾಡೋಣ ಅಂದರೆ ನನಗೆ ಅವನು ಬಿಡುವುದು 38 ಪೆನ್ಸ್.